ಕಾಲಿಗೆ ಗೊತ್ತು, ಗಾಡಿಗೆ ಗೊತ್ತಿಲ್ಲ

"ನೀವು ಬ್ರೇಕ್ ಒತ್ತಿದ್ದು ಕಾಲಿಗೆ ಗೊತ್ತೈತ್ರಿ. ಗಾಡಿಗೆ ಗೊತ್ತಿಲ್ಲ," ಎಂದ ದುಂಡೇಶ, ನನ್ನ ಪಕ್ಕದ ಸೀಟಿನಲ್ಲಿ ಸ್ಕ್ಯಾನರ್ ಹಿಡಿದು.

ಗೋಕಾಕಿನ ಅವನ ಗ್ಯಾರೇಜಿಗೆ ನಾನು ಹೋದದ್ದು ಮೀಟರಿನಲ್ಲಿ ಆಗಾಗ ಹತ್ತಿ ಆರುತ್ತಿದ್ದ ಒಂದು ಹಳದಿ ದೀಪಕ್ಕಾಗಿ. ಕಾರು ಸೆಕೆಂಡ್ ಹ್ಯಾಂಡ್. ಭಯ ಮಾತ್ರ ನನ್ನ ಸ್ವಂತದ್ದು. ವಾರವೆಲ್ಲ ಪಾಠ ಮಾಡಲು ಮೂಡಲಗಿಯ ಕಾಲೇಜಿಗೆ, ಭಾನುವಾರ ಹುಕ್ಕೇರಿಯ ಅವ್ವನ ಮನೆಗೆ ಅದರಲ್ಲೇ ಓಡಾಟ.

"ಹಂಗಂದ್ರ?"

"ಪೆಡಲಿಗೆ ಒಂದು ಸೆನ್ಸರ್ ಇರ್ತೈತ್ರಿ. ಒತ್ತಿದ್ರ ಅದು ಗಾಡಿಗೆ ಸುದ್ದಿ ಹೇಳಬೇಕು. ಒಮ್ಮೊಮ್ಮೆ ಹೇಳವಲ್ದು ಅಂತ ಡೌಟು. ಮತ್ತೊಮ್ಮೆ ಒತ್ರಿ, ಮೆಲ್ಲಕ."

ಒತ್ತಿದೆ. ಅವನು ಸ್ಕ್ರೀನ್ ನೋಡಬೇಕಿತ್ತು; ನನ್ನನ್ನು ನೋಡುತ್ತಿದ್ದ.

"ಸ್ಕ್ರೀನ್ ಆ ಕಡೆ ಐತ್ರಿ."

"ಗೊತ್ತೈತ್ರಿ ಮೇಡಂ," ಎಂದು ನಕ್ಕ. ಕೆನ್ನೆಯ ಮೇಲೆ ಗ್ರೀಸಿನ ಗೆರೆಯೊಂದಿತ್ತು. ಒರೆಸಿಕೊಳ್ಳಿ ಎನ್ನಲು ಮನಸ್ಸಾಗಲಿಲ್ಲ.

ನಿಂತ ಗಾಡಿಯಲ್ಲಿ ಈ ದೋಷ ಸಿಗುವುದಿಲ್ಲ, ಓಡಿಸಿಯೇ ಹಿಡಿಯಬೇಕು ಎಂದ. ಹಾಗೆ ನಮ್ಮ ಶನಿವಾರದ ಸಂಜೆಗಳು ಶುರುವಾದವು. ಕೊಣ್ಣೂರಿನವರೆಗೆ ಹೋಗಿ, ಚಹಾ ಕುಡಿದು ಬರುವುದು. ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ನನ್ನ ಬೆರಳುಗಳು ಸ್ಟೇರಿಂಗಿಗೆ ಅಂಟಿಕೊಳ್ಳುತ್ತಿದ್ದವು. "ನಾ ಬಾಜೂಕ ಇದ್ದೇನಲ್ರಿ," ಎನ್ನುತ್ತಿದ್ದ. ಅಷ್ಟಕ್ಕೇ ಉಸಿರು ಹಗುರಾಗುತ್ತಿತ್ತು.

"ಇವತ್ತೂ ಸಿಗಲಿಲ್ಲೇನ್ರಿ?"

"ಬಾಳ ಹಟಮಾರಿ ಐತ್ರಿ. ನಿಮ್ಮಂಗ."

ಒಂದು ಭಾನುವಾರ ಧುಪದಾಳದ ಹತ್ತಿರ ನಾಯಿ ಅಡ್ಡ ಬಂತು. ಬ್ರೇಕ್ ಒತ್ತಿದೆ. ಹಿಂದಿನಿಂದ ಬೈಕೊಂದು ಬಂದು ಗುದ್ದಿತು. ಬೈಕಿನವನು ದಡ್ಡಿ ಎಂಬ ಊರಿನ ಕುರಿಗಾರ ಸಿದ್ರಾಯ; ಬಲಗೈ ಮುರಿದಿತ್ತು. "ಹಿಂದಿನ ಲೈಟಾದ್ರೂ ಹತ್ತಬೇಕಲ್ರಿ ಅಕ್ಕಾರ!" ಎಂದು ನೋವಿನಲ್ಲೇ ಕೂಗಿದ. ತಪ್ಪು ನನ್ನದೇ ಎಂದು ಅಲ್ಲೇ ಒಪ್ಪಿಕೊಂಡೆ.

"ಲೈಟ್ ಹತ್ತಿರತಾವ್ರಿ," ಎಂದ ದುಂಡೇಶ ಆ ಸಂಜೆ. "ನೀವು ಗಾಬರಿಲೆ ಜೋರ ಒತ್ತೀರಿ, ಅಷ್ಟ." ಮರುದಿನವೇ ಸೆನ್ಸರ್ ಬದಲಿಸಿದ. ಕಡೆಗೂ ದೋಷ ಸಿಕ್ಕಿತು, ಅದು ಮೀಟರಿನ ದೀಪಕ್ಕಷ್ಟೇ ಸಂಬಂಧಿಸಿದ್ದು ಎಂದ. ನಂಬಿದೆ. ನಂಬದೇ ಹೋದದ್ದು ನನ್ನ ಕಾಲನ್ನು. ಕಾರನ್ನು ಮನೆಯಲ್ಲೇ ನಿಲ್ಲಿಸಿ ಬಸ್ಸು ಹಿಡಿದೆ. ಸಂಜೆ ಬಸ್ಸು ಇಳಿದರೆ ಸ್ಟ್ಯಾಂಡಿನಲ್ಲಿ ಅವನು ನಿಂತಿರುತ್ತಿದ್ದ. ನನ್ನ ಅಪರಾಧವನ್ನು ಮನ್ನಿಸಿದವನು ಅವನೊಬ್ಬನೇ ಅನಿಸುತ್ತಿತ್ತು.

"ಅವ್ವಗ ಹೇಳೇನಿ. ಬಂದು ಮಾತಾಡ್ರಿ," ಎಂದೆ ಒಂದು ದಿನ, ಚಹಾದಂಗಡಿಯಲ್ಲಿ.

ಅವನ ಮುಖವೆಲ್ಲ ಬೆಳಕಾಯಿತು. "ಖರೆ ಹೇಳ್ಲೇನ್ರಿ? ಸೆನ್ಸರ್ ಕೆಟ್ಟಿದ್ದು ಮೊದಲ್ನೇ ದಿನಾನ ಗೊತ್ತಾಗಿತ್ತು. ಆವತ್ತ ಬದಲ ಮಾಡಿದ್ರ ನೀವು ಮತ್ತ ಬರ್ತಿದ್ರೇನು?"

ಚೆಂದದ ಉಡುಗೊರೆಯೊಂದನ್ನು ಕೊಟ್ಟವನಂತೆ ನನ್ನ ಕಣ್ಣು ನೋಡಿದ.

"ಅದು ಸುದ್ದಿ ಹೇಳದಿದ್ದಾಗ ಹಿಂದಿನ ಲೈಟ್ ಹತ್ತತಿತ್ತೇನ್ರಿ?"

"ಬ್ರೇಕ್ ಹಿಡೀತಿತ್ತಲ್ರಿ."

"ನಾ ಲೈಟ್ ಕೇಳೇನಿ."

ಚಹಾದ ಲೋಟ ಕೆಳಗಿಟ್ಟು, "ಇಲ್ಲ," ಎಂದ.

"ನಡೀರಿ ದಡ್ಡಿಗೆ. ಸಿದ್ರಾಯಗ ಹೇಳ್ರಿ."

"ಗ್ಯಾರೇಜಿನ ಹೆಸರ ಹೋಗತೈತಿ. ಆಗಿದ್ದಾತು, ಬಿಡು. ನಿನ್ನ ಸಲುವಾಗಿ ಮಾಡೇನಿ, ಅರ್ಚನಾ."

ಅವನ ಬಾಯಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು. ಎಷ್ಟು ಸಂಜೆ ಅದಕ್ಕಾಗಿ ಕಾದಿದ್ದೆ! ಎದ್ದು ಬಂದೆ. ಅವನು ಹಿಂದೆ ಬರಲಿಲ್ಲ.

ಮರುದಿನ ಕಾರು ತೆಗೆದು ಒಬ್ಬಳೇ ದಡ್ಡಿಗೆ ಹೋದೆ. ಸಿದ್ರಾಯ ಬಲಗೈಗೆ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. ಅವನ ಕುರಿಗಳನ್ನು ಅಣ್ಣ ಅಲ್ಲಪ್ಪ ಮೇಯಿಸುತ್ತಿದ್ದನಂತೆ. ಲೈಟು ಹತ್ತಿರಲಿಲ್ಲ, ನೀವು ಹೇಳಿದ್ದೇ ನಿಜ ಎಂದೆ. ಏಕೆ ಹತ್ತಲಿಲ್ಲ ಎಂಬುದನ್ನೂ ಬಿಡದೆ ಹೇಳಿದೆ.

"ಹಂಗಾರ ತಪ್ಪು ನಿಂದಲ್ಲ," ಎಂದಳು ಅವನ ಹೆಂಡತಿ ಶೆಟ್ಟೆವ್ವ. "ಮತ್ತ್ಯಾಕ ಅಳತಿ ತಂಗಿ?"

ಕಣ್ಣೊರೆಸಿಕೊಂಡೆ. ಸಿದ್ರಾಯ ನೀರಿನ ತಂಬಿಗೆಯನ್ನು ನನ್ನತ್ತ ಚಾಚಿ, ಸಂಕೋಚದಿಂದ ತಲೆ ತಗ್ಗಿಸಿದ.

"ಎಡಗೈಲೆ ಕೊಡಾಕತ್ತೇನ್ರಿ ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ."

ಎರಡೂ ಕೈಯಿಂದ ತೆಗೆದುಕೊಂಡೆ.