ಹುಳುಮನೆಯ ಬಾಗಿಲು

ಅವನು ಮಾತಿನ ಮಧ್ಯೆ ನಿಂತುಬಿಟ್ಟ.

ಚಿಕ್ಕಬಳ್ಳಾಪುರದ ಬೆಟ್ಟದ ಬುಡದಲ್ಲಿ, ಬ್ರಿಟಿಷರ ಕಾಲದ ಬೇಟೆ ಶಿಬಿರ. ಅದರ ಕಲ್ಲು ಜಗುಲಿಯ ಮೇಲೆ ನಿಂತು ಕಾಡಿನ ಕಥೆ ಹೇಳುತ್ತಿದ್ದ ಲೇಖಕ ರಾಮಾಂಜಿಯ ಕಣ್ಣು, ಶಾಲೆಯ ಮಕ್ಕಳ ಹಿಂದೆ ಕೂತಿದ್ದ ವರಲಕ್ಷ್ಮಿ ಟೀಚರ್ ಮೇಲೆ ಬಿದ್ದಿತ್ತು.

ಒಂದೇ ಕ್ಷಣ... ಮತ್ತೆ ಅವನು ಚಿರತೆಯ ಕಥೆಗೆ ಮರಳಿದ.

ವರಲಕ್ಷ್ಮಿ ಹೊರಗೆ ನಿಂತಿದ್ದ ಅವನ ಜೀಪಿನ ಕಡೆ ನೋಡಿದಳು. 'ಮಾತು ಮುಗಿದ ಕೂಡಲೇ ಜೀಪು ಹತ್ತಿಬಿಡ್ತಾರೆ. ಇನ್ನೊಂದು ಶಿಬಿರ, ಇನ್ನೊಂದು ಬೆಟ್ಟ... ಆಮೇಲೆ ಎಲ್ಲಿ ಹುಡುಕಲಿ?'

"ಏನಮ್ಮಾ, ಚಿರತೆ ನಿನ್ನೇ ನೋಡ್ತಾ ಇದೆ!" ಪಕ್ಕದಲ್ಲಿದ್ದ ಹಿರಿಯ ಟೀಚರ್ ಶ್ಯಾಮಲಮ್ಮ ಪಿಸುಗುಟ್ಟಿದರು.

"ಸುಮ್ನಿರಿ ಅಕ್ಕಾ..."

ಹೋದ ವರ್ಷ, 1990ರಲ್ಲಿ, ಇದೇ ಜಗುಲಿಯಲ್ಲಿ ಅವನು ಮದುವೆಯ ಮಾತೆತ್ತಿದ್ದ. "ನಮ್ಮೂರು ಸಾದಲಿಗೆ ಬಂದು ಅಪ್ಪನ್ನ ಕೇಳಿ" ಎಂದಿದ್ದಳು.

ಅವನು ಬಂದ. ಶಿಬಿರದಿಂದ ನೇರವಾಗಿ. ಅಂಗಿಯಲ್ಲಿ ಹೊಗೆ, ಕೈಕಾಲಿಗೆ ಸೊಳ್ಳೆ ಎಣ್ಣೆ! ಮನೆತುಂಬ ರೇಷ್ಮೆಹುಳುಗಳು, ಗೂಡು ಕಟ್ಟಲು ನಾಲ್ಕೇ ದಿನ. ಆ ಘಾಟು ತಾಗಿದರೆ ಬೆಳೆಯೇ ಹೋಗುತ್ತಿತ್ತು.

"ಒಳಗೆ ಬರ್ಬೇಡಿ!" ಎಂದು ಬಾಗಿಲು ಹಾಕಿಕೊಂಡಳು.

ಹುಳುಗಳಿಗೆ ಸೊಪ್ಪು ಹಾಕಿ ಹೊರಬಂದಾಗ ಅಂಗಳ ಖಾಲಿ. ಸಾದಲಿಯವರಾದರೆ, ಹುಳುವಿರುವ ಮನೆಗೆ ಹೊರಗಿನವರು ಕಾಲಿಡಬಾರದೆಂದು ತಿಳಿದು, ಅಂಗಳದ ಹುಣಸೆಮರದ ಕೆಳಗೆ ಕಾಯುತ್ತಿದ್ದರು. ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನಿಗೆ ಇದು ತಿಳಿಯದೆಂದು ಅವಳಿಗೆ ತೋಚಲೇ ಇಲ್ಲ. ಶಿಬಿರಕ್ಕೆ ಬರೆದ ಎರಡು ಕಾಗದಗಳೂ ವಾಪಸ್ ಬಂದವು.

"ಸಾರ್, ಕಾಡಲ್ಲಿ ಭಯ ಆಗಲ್ವಾ?" ಹುಡುಗಿಯೊಬ್ಬಳು ಕೇಳಿದಳು.

"ಕಾಡಲ್ಲಿ ಇಲ್ಲಮ್ಮ. ಊರಲ್ಲೇ ಭಯ."

ಮಕ್ಕಳೆಲ್ಲ ನಕ್ಕರು. ವರಲಕ್ಷ್ಮಿಗೆ ನಗು ಬರಲಿಲ್ಲ.

ಮಾತು ಮುಗಿಯಿತು. ಜೀಪು ಗುರುಗುಟ್ಟಿತು. ಮಕ್ಕಳು ನೋಡುತ್ತಿದ್ದಾರೆಂಬುದನ್ನೂ ಮರೆತು ಅವಳು ಓಡಿದಳು.

"ನಿಲ್ಸಿ! ಅವತ್ತು ಮನೇಲಿ ಹುಳ ಇತ್ತು!"

"ಹುಳ...?"

"ರೇಷ್ಮೆ ಹುಳ! ನಿಮ್ ಸೊಳ್ಳೆ ಎಣ್ಣೆ ವಾಸ್ನೆಗೆ ಸತ್ತೋಗ್ತಿದ್ವು. ಅದಕ್ಕೇ ಬಾಗಿಲು ಹಾಕ್ದೆ. ನೀವು ಬೇಡ ಅಂತಲ್ಲ..."

ಜೀಪಿನ ಎಂಜಿನ್ ನಿಂತಿತು.

ಅವನು ನಿಧಾನಕ್ಕೆ ಜೀಪಿನಿಂದ ಇಳಿದ.

"ಒಂದು ವರ್ಷ... ನನ್ನಲ್ಲೇನು ಕಮ್ಮಿ ಅಂತ ಯೋಚಿಸ್ತಾನೇ ಇದ್ದೆ, ವರಲಕ್ಷ್ಮಿ."

"ಏನೂ ಕಮ್ಮಿ ಇರ್ಲಿಲ್ಲ. ಎಣ್ಣೆ ಜಾಸ್ತಿ ಆಗಿತ್ತು, ಅಷ್ಟೇ."

ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ.

"ಈಗ ಮನೇಲಿ ಹುಳ ಇದ್ಯಾ?"

"ಇದೆ. ಭಾನುವಾರ ಸ್ನಾನ ಮಾಡ್ಕೊಂಡು ಬನ್ನಿ. ಹುಳಕ್ಕೆ ರೋಗ ತಾಗ್ದಿರ್ಲಿ ಅಂತ ಹೊಸ್ತಿಲಲ್ಲಿ ಸುಣ್ಣ ಹಾಕಿರ್ತೀನಿ, ತುಳ್ಕೊಂಡು ಒಳಗೆ ಬರ್ಬೇಕು."

"ಬಾಗಿಲು...?"

"ಹಾಕೇ ಇರುತ್ತೆ. ತಟ್ಟಿ... ನಾನೇ ತೆಗೀತೀನಿ."