ಪುಕ್ಕಟೆ ಬುಗ್ಗೆಗೆ ಕೊಟ್ಟ ಕಾಸು

ನಮ್ಮವ್ವನಾಣೆಗೂ ಇದು ನಡೆದದ್ದೇ ಕಣ್ರಪ್ಪಾ. ಸುಳ್ಳು ಅನ್ನೋನು ಈಗ್ಲೇ ಎದ್ದೋಗ್ಲಿ.

ಬಾಳ ಕಾಲದ ಹಿಂದೆ ಕೆಂಬರೆ ಅನ್ನೋ ರಾಜ್ಯ ಇತ್ತು. ಅಲ್ಲಿ ಬೆಟ್ಟದ ಬುಡದಲ್ಲಿ, ಬಟ್ಟ ಬಯಲಲ್ಲೇ, ಬಿಸಿನೀರಿನ ಬುಗ್ಗೆ. ಕಾಸಿಲ್ಲ, ಕಾವಲಿಲ್ಲ. ನೀರಿಗಿಳಿದೋರು ಪಕ್ಕದೋರ ಬೆನ್ನು ತಿಕ್ಬೇಕು, ಅಷ್ಟೇ. ರಾಜ ಬಂದ್ರೂ ಅಷ್ಟೇ.

ಆ ನೀರು ಮಾರ್ಕೋಬೇಕು ಅಂತ ಉಗ್ರಾಂಜನ ಅನ್ನೋ ಮಾಟಗಾರ ಬಂದ. ದಾರೀಲಿ ಮೂರು ಮಾಯದ ಮೃಗ ನಿಲ್ಲಿಸ್ದ, ಬೂದಿಲಿ ಗೆರೆ ಎಳೆದ. ನನ್ನ ಹೆಂಡ್ರು ಮಂಚವ್ವ ತಿಳೀದೆ ಗೆರೆ ದಾಟಿದ್ಲು. ಪಾದ ಕಲ್ಲಾಯ್ತು. ದಿನಕ್ಕೊಂದು ಗೇಣು ಕಲ್ಲು ಮೇಲೇರ್ತಿತ್ತು. ಬುಗ್ಗೆ ನೀರಿಗೇ ಅದು ಕರಗಬೇಕು.

ಅವಳ್ನ ಹೊತ್ಕೊಂಡು ಬುಗ್ಗೆಗೆ ಹೊಂಟೆ. ಮೊದಲು ಕಬ್ಬಿಣದ ಕೋಣ. ಕೊಂಬು ಹಿಡಿದು ಮಡಚಿಬುಟ್ಟೆ. ಆಮೇಲೆ ಬೆಂಕಿ ಉಗುಳೋ ಹದ್ದು. ಬಾಯಿಗೆ ಕಂಬ್ಳಿ ತುರುಕ್ದೆ. ಮೂರನೇದು ಎರಡು ತಲೆ ಹುಲಿ. ಆ ತಲೆಗೆ ಈ ತಲೆ ಡಿಕ್ಕಿ ಹೊಡೆಸ್ದೆ. ಅಂಥ ಗಂಡಸು ನಾನು!

ದಾರಿ ಬಿಟ್ಟಿದ್ದು ನೋಡಿ, ಬುಟ್ಟಿ ಹೆಣೆಯೋ ದ್ಯಾವಾಜಮ್ಮ ತನ್ನೋರ್ನೆಲ್ಲಾ ಕಟ್ಕೊಂಡು ನನಗಿಂತ ಮುಂಚೆ ನೀರಿಗಿಳಿದಿದ್ಲು.

"ಬಾರ್ಲಾ ಹುಲಿಗಂಡ, ಅವಳ್ನ ಇಳಿಸು. ಮೊದ್ಲು ನನ್ನ ಬೆನ್ನು ತಿಕ್ಕು," ಅಂತ ಮುದುಕಿ ನಕ್ಳು.

ಅಷ್ಟೊತ್ತಿಗೆ ಉಗ್ರಾಂಜನ ಕೈ ಮುಗ್ಕೊಂಡು ಬಂದ. "ಹುಲಿ ಹೊಡೆದ ಧಣಿ ಬುಟ್ಟಿಯೋರ ಬೆನ್ನು ತಿಕ್ಕಾದಾ? ಕಾಸಿನ ಗಂಟು ಬಿಚ್ಚಿ ಬುದ್ಧೀ. ಇವರ್ನೆಲ್ಲಾ ನೀರಿಂದ ಎಬ್ಬಿಸ್ತೀನಿ."

"ಬ್ಯಾಡಿ," ಅಂದ್ಲು ಮಂಚವ್ವ. ಕಲ್ಲು ಆಗ್ಲೇ ಅವಳ ನಡು ಮುಟ್ಟಿತ್ತು. "ಆಯಮ್ಮನ ಬೆನ್ನು ನಾ ತಿಕ್ತೀನಿ. ಇಳಿಸಿ."

"ಬಾಯ್ಮುಚ್ಚು," ಅಂದೆ. ಸೊಂಟದ ಗಂಟು ಪೂರ್ತಿ ಅವನ ಕೈಗೆ ಸುರಿದೆ.

"ಒಬ್ಬ ಕಾಸು ಕೊಟ್ಟ, ನೀರು ನಂದಾಯ್ತು!" ಅಂತ ಕುಣಿದ ಬೇವರ್ಸಿ.

ಬುಗ್ಗೆ ಕೊರೆಯೋ ಹಂಗೆ ತಣ್ಣಗಾಯ್ತು. ಕಲ್ಲು ಸರ್ರಂತ ಮಂಚವ್ವನ ಕತ್ತಿಗೇರ್ತು. ಏನೋ ಹೇಳಾಕೆ ಬಾಯಿ ತೆಗೆದ್ಲು. ತುಟಿನೂ ಕಲ್ಲಾಯ್ತು.

ದ್ಯಾವಾಜಮ್ಮ ಆ ಉಗ್ರಾಂಜನನ ಕಾಲು ಹಿಡಿದು ನೀರಿಗೆಳೆದ್ಲು. ಎಲ್ಲಾರೂ ಸೇರಿ ಅವನ ಬೆನ್ನು ತಿಕ್ಕಿದ್ರು. ಮಾಟ ಎಲ್ಲಾ ಕೊಳೆ ಕೊಳೆಯಾಗಿ ಬಿಟ್ಕೊಂಡು ಬಂತು. ಕೊನೆಗೆ ಅವನೂ ಕರಗೋದ, ಕಾಸೂ ಕರಗೋಯ್ತು. ನೀರು ಮತ್ತೆ ಬಿಸಿಯಾಯ್ತು.

ಮೂರು ದಿನ ಮಂಚವ್ವನ್ನ ಅದರಲ್ಲಿ ಅದ್ದಿದೆ.

"ಉಸಿರು ನಿಂತ ಮೇಲೆ ಕಲ್ಲು ಕರಗಾಕಿಲ್ಲ ಕಣಪ್ಪಾ, ಬುಡು," ಅಂದ್ಲು ಮುದುಕಿ.

ಕೆಂಬರೆಯೋರೆಲ್ಲಾ ಒಬ್ಬರ ಬೆನ್ನು ಒಬ್ಬರು ತಿಕ್ಕೊಂಡು ಸುಖವಾಗವ್ರೆ. ನೀನೇನು ಕಳ್ಕೊಂಡೆ ಅಂತ ಕೇಳೋರ ಹತ್ರ ನಾನು ಹೆಂಡ್ರ ಮಾತೆತ್ತಾಕಿಲ್ಲ. ನಲವತ್ಮೂರು ವರಹ, ಏಳು ಹಣ ಅಂತೀನಿ.