ಎಂಟು ಗಂಟೆಗೆ ನಾಲ್ಕು ಡಿಗ್ರಿ

ಹನ್ನೆರಡನೆಯ ತಾರೀಕು, ಬುಧವಾರ, ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ದರ್ಜಿಯೊಬ್ಬ ಠಾಣೆಯ ಮೆಟ್ಟಿಲು ಹತ್ತಿದ. ಅಳತೆಯ ಟೇಪು ಕೊರಳಲ್ಲಿ ಹಾಗೆಯೇ ನೇತಾಡುತ್ತಿತ್ತು. ಅದನ್ನು ತೆಗೆದಿಡಬೇಕೆಂಬ ನೆನಪೂ ಅವನಿಗೆ ಉಳಿದಿರಲಿಲ್ಲ. ಹಿಂದಿನ ಸಂಜೆ ಅವನ ತಂಗಿ ಹೆರಿಗೆಯ ನಂತರದ ರಕ್ತಸ್ರಾವದಿಂದ ತೀರಿಕೊಂಡಿದ್ದಳು. ಅವಳದು ಅಪರೂಪದ ರಕ್ತದ ಗುಂಪು. ಆ ಗುಂಪಿನ ಆರು ಚೀಲ ರಕ್ತ ಆಸ್ಪತ್ರೆಯ ರಕ್ತನಿಧಿಯಲ್ಲಿತ್ತು. ಆದರೆ ಚೀಲಗಳಿದ್ದ ಫ್ರಿಜ್ ಬೆಳಗಿನಿಂದಲೇ ನಿಂತುಹೋಗಿತ್ತು; ತೆಗೆದು ನೋಡಿದಾಗ ಆರೂ ಕೆಟ್ಟಿದ್ದವು. ಬೇರೆಡೆಯಿಂದ ತರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಮಗು?" ಇನ್ಸ್‌ಪೆಕ್ಟರ್ ಕೇಳಿದರು.

"ಇದೆ ಸಾರ್. ಹೆಣ್ಣು. ನನ್ನ ಹೆಂಡತಿ ನೋಡ್ಕೋತಿದ್ದಾಳೆ."

"ಯಾರ ಮೇಲಾದರೂ ಸಂಶಯ ಇದೆಯಾ?"

"ಆಸ್ಪತ್ರೆಯವರು ಆಯಾದು ತಪ್ಪು ಅಂತಾರೆ. ಯಾರದು ಅನ್ನೋದನ್ನ ನೀವು ನೋಡ್ಕೊಳ್ಳಿ ಸಾರ್. ಯಾತಕ್ಕೆ ಅನ್ನೋದು ನನಗೆ ಬೇಕು."

ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪದಡಿ ಒಂಬತ್ತೂ ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಆಸ್ಪತ್ರೆಯ ಅಧೀಕ್ಷಕರ ಪತ್ರ ಬಂತು. ರಕ್ತನಿಧಿಯ ಆಯಾಳನ್ನು ಅಮಾನತು ಮಾಡಲಾಗಿದೆ ಎಂದು ಅದರಲ್ಲಿತ್ತು. ಜೊತೆಗೆ ಫ್ರಿಜ್ಜಿನ ಉಷ್ಣಾಂಶವನ್ನು ನಿಮಿಷ ನಿಮಿಷಕ್ಕೂ ಬರೆದಿಡುವ ಕಂಪ್ಯೂಟರಿನ ಒಂದು ಹಾಳೆ. ಹನ್ನೊಂದನೆಯ ತಾರೀಕು ಬೆಳಗಿನ ಜಾವ 4.50ಕ್ಕೆ ವಿದ್ಯುತ್ ಹೋಗಿದೆ. 5.20ಕ್ಕೆ ಬಂದಿದೆ. 5.35ಕ್ಕೆ ಉಷ್ಣಾಂಶ ಮಿತಿ ಮೀರಿ ಎಚ್ಚರಿಕೆಯ ಗಂಟೆ ಹೊಡೆದಿದೆ. 5.38ಕ್ಕೆ ಗಂಟೆ ಹೊಡೆಯುವ ಆ ತಂತ್ರಾಂಶವನ್ನೇ ಯಾರೋ ನಿಲ್ಲಿಸಿದ್ದಾರೆ. ಬೆಳಗಿನ ಏಳರವರೆಗೆ ಅಲ್ಲಿದ್ದವಳು ಆಯಾ ಒಬ್ಬಳೇ.

ಬಡವರ ಮೇಲೆ ತಪ್ಪು ಹೊರಿಸುವ ಕಾಗದ ಎಷ್ಟು ಬೇಗ ಸಿದ್ಧವಾಗುತ್ತದೆ ಎಂಬುದನ್ನು ಇನ್ಸ್‌ಪೆಕ್ಟರ್ ಇಪ್ಪತ್ತೇಳು ವರ್ಷಗಳಿಂದ ನೋಡುತ್ತ ಬಂದಿದ್ದರು. ಆದರೂ ಕಾಗದ ಕಾಗದವೇ. ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಟರು. ಜೊತೆಗೆ ಹೆಡ್ ಕಾನ್‌ಸ್ಟೆಬಲ್. ಪಂಚನಾಮೆಯಲ್ಲಿ ಒಂದು ಕೊಂಬು ತಪ್ಪಿದರೂ ಹಾಳೆ ಹರಿದು ಮತ್ತೆ ಬರೆಸುವ ಆತನನ್ನು ಠಾಣೆಯೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿತ್ತು.

ರಕ್ತನಿಧಿ ಇದ್ದದ್ದು ಆಸ್ಪತ್ರೆಯ ಹಿಂಭಾಗದ ಹಳೆಯ ಕಟ್ಟಡದಲ್ಲಿ. ಜನರೇಟರಿನ ತಂತಿ ಅಲ್ಲಿಯವರೆಗೆ ಇನ್ನೂ ಬಂದಿರಲಿಲ್ಲ. ಎರಡು ಫ್ರಿಜ್ಜುಗಳು, ಉದ್ದನೆಯ ಮೇಜು, ಮೂಲೆಯಲ್ಲಿ ಬ್ಯಾಟರಿಯ ಬಲದಿಂದ ಎಂದೂ ಆರದ ಹಳೆಯ ಕಂಪ್ಯೂಟರು. ಅದನ್ನು ನಡೆಸುತ್ತಿದ್ದ ಮೂಲ ತಂತ್ರಾಂಶ ಲಿನಕ್ಸ್. ಗೋಡೆಗೆ ತೂಗುಹಾಕಿದ್ದ ರಿಜಿಸ್ಟರಿನಲ್ಲಿ ಉಷ್ಣಾಂಶವನ್ನು ಕೈಯಿಂದಲೂ ಬರೆಯಬೇಕೆಂಬ ನಿಯಮವಿತ್ತು. ಹನ್ನೊಂದನೆಯ ತಾರೀಕು, ಎಂಟು ಗಂಟೆ: ನಾಲ್ಕು ಡಿಗ್ರಿ. ಕೆಳಗೆ ಹಿರಿಯ ತಂತ್ರಜ್ಞನ ಮುದ್ದಾದ ಸಹಿ.

"ಫ್ರಿಜ್ಜು ಐದೂವರೆಗೇ ಕಾದಿದ್ದರೆ ಎಂಟಕ್ಕೆ ನಾಲ್ಕು ಡಿಗ್ರಿ ಹೇಗೆ ಬಂತು ಸಾರ್?" ಮೇಷ್ಟ್ರು ಮೆಲ್ಲಗೆ ಕೇಳಿದರು.

"ನೋಡದೆ ಬರೆದಿರಬಹುದು."

"ಹಾಗಿದ್ದರೆ ಅದು ಬರೀ ಸೋಮಾರಿತನ."

"ಸೋಮಾರಿತನವೋ ಇನ್ನೇನೋ. ಆಯಾಳನ್ನ ಕರೆಸಿ."

ಮಧ್ಯಾಹ್ನ ಎರಡಕ್ಕೆ ಆಯಾ ಠಾಣೆಗೆ ಬಂದಳು. ಐವತ್ತು ದಾಟಿದ ಹೆಂಗಸು, ಒಬ್ಬಳೇ ದುಡಿದು ಮೂವರನ್ನು ಸಾಕುತ್ತಿದ್ದವಳು. ಕೆಲಸ ಹೋಗಿದೆ, ಜೈಲೂ ಆಗಬಹುದು ಎಂದು ಆಸ್ಪತ್ರೆಯಲ್ಲಿ ಆಗಲೇ ಹೇಳಿ ಕಳಿಸಿದ್ದರು. ಅವಳು ಅಳಲಿಲ್ಲ.

"ಕಂಪ್ಯೂಟರ್ ಮುಟ್ಟಿದ್ದೀಯಾ ಅಮ್ಮ?"

"ಧೂಳು ಒರೆಸೋಕೆ ಮುಟ್ಟಿದ್ದೀನಿ ಸಾರ್. ಅದರ ಕಿವಿ ಎಲ್ಲಿ, ಬಾಯಿ ಎಲ್ಲಿ ಅಂತ ನನಗೆ ಗೊತ್ತಿಲ್ಲ."

"ಕರೆಂಟ್ ಬಂದ ಮೇಲೆ ಗಂಟೆ ಹೊಡೆಯಿತಲ್ಲ, ಕೇಳಲಿಲ್ಲವಾ?"

"ಯಾವ ಕರೆಂಟು? ನನ್ನ ಪಾಳಿಯಲ್ಲಿ ಕರೆಂಟ್ ಹೋಗಲೇ ಇಲ್ಲ."

"ನಾಲ್ಕೂ ಐವತ್ತಕ್ಕೆ ಹೋಗಿ ಅರ್ಧ ಗಂಟೆ ಇರಲಿಲ್ಲ. ಹಾಳೆಯಲ್ಲಿದೆ."

"ಐದಕ್ಕೆ ಕೂತು ಆರರ ತನಕ ಎಲ್ಲರ ಬಿಳಿ ಕೋಟಿಗೂ ಇಸ್ತ್ರಿ ಹಾಕಿದ್ದೀನಿ ಸಾರ್. ಕರೆಂಟ್ ಇಲ್ಲದೆ ಇಸ್ತ್ರಿಪೆಟ್ಟಿಗೆ ಹೇಗೆ ಕಾಯ್ತು? ನನ್ನ ಹೊಟ್ಟೆ ಉರಿಯಿಂದಲಾ?" ಸೆರಗಿನಿಂದ ಮುಖ ಒರೆಸಿಕೊಂಡು ಅವಳು ಸೇರಿಸಿದಳು: "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಳೀರಿ."

ಮೇಷ್ಟ್ರು ಬರೆಯುತ್ತಿದ್ದ ಪೆನ್ನು ನಿಂತಿತು. ಇಸ್ತ್ರಿಪೆಟ್ಟಿಗೆಗೆ ಸುಳ್ಳು ಹೇಳಲು ಬಾರದು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಮೇಷ್ಟ್ರು ವಿದ್ಯುತ್ ಕಚೇರಿಗೆ ಹೋಗಿ ದೂರು ಪುಸ್ತಕದ ಪ್ರತಿ ತಂದರು. ಮಂಗಳವಾರ ಆಸ್ಪತ್ರೆಯ ಬೀದಿಯಲ್ಲಿ ವಿದ್ಯುತ್ ಹೋದದ್ದು ಒಂದೇ ಸಲ: ಬೆಳಿಗ್ಗೆ 7.20ಕ್ಕೆ ಹೋಗಿ 7.50ಕ್ಕೆ ಬಂದಿತ್ತು. ಇನ್ಸ್‌ಪೆಕ್ಟರ್ ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟರು. ಹೋದದ್ದಕ್ಕೂ ಬಂದದ್ದಕ್ಕೂ ಸರಿಯಾಗಿ ಎರಡೂವರೆ ಗಂಟೆಯ ಅಂತರ.

"ಕಂಪ್ಯೂಟರಿನ ಗಡಿಯಾರ ಎರಡೂವರೆ ಗಂಟೆ ಹಿಂದಿತ್ತು. ಗಂಟೆ ಹೊಡೆದದ್ದು ಎಂಟೂ ಐದಕ್ಕೆ. ನಿಲ್ಲಿಸಿದ್ದು ಎಂಟೂ ಎಂಟಕ್ಕೆ," ಎಂದರು.

"ಆಗ ಆಯಾ ಮನೆ ಸೇರಿದ್ದಳು. ಏಳರಿಂದ ಅಲ್ಲಿದ್ದವನು ತಂತ್ರಜ್ಞ ಒಬ್ಬನೇ," ಎಂದರು ಮೇಷ್ಟ್ರು. "ಆದರೆ ನಿನ್ನೆ ನಾವು ನೋಡಿದಾಗ ಗಡಿಯಾರ ಸರಿಯಾಗಿಯೇ ಇತ್ತಲ್ಲ ಸಾರ್?"

"ಯಾರೋ ಸರಿ ಮಾಡಿದ್ದಾರೆ. ಮೊದಲು ಕೆಡಿಸಿದ್ದೇಕೆ ಅನ್ನೋದು ಪ್ರಶ್ನೆ."

ಪಂಚರ ಸಮಕ್ಷಮದಲ್ಲಿ ಕಂಪ್ಯೂಟರನ್ನು ವಶಪಡಿಸಿಕೊಂಡು ಸೈಬರ್ ವಿಭಾಗಕ್ಕೆ ಕಳಿಸಲಾಯಿತು. ಶುಕ್ರವಾರ ಸಂಜೆ ನಾಲ್ಕಕ್ಕೆ ಅಲ್ಲಿನ ಮಹಿಳಾ ಕಾನ್‌ಸ್ಟೆಬಲ್ ಇಬ್ಬರನ್ನೂ ಪರದೆಯ ಮುಂದೆ ಕೂರಿಸಿದಳು.

"ಇದರಲ್ಲಿ ವಿದೇಶಿ ಹಣ ಕೊಂಡು ಮಾರೋ ತಂತ್ರಾಂಶ ಇತ್ತು ಸಾರ್. ಅದು ಲಿನಕ್ಸ್‌ನಲ್ಲಿ ನೇರ ಓಡಲ್ಲ. ವೈನ್ ಅನ್ನೋ ಇನ್ನೊಂದು ತಂತ್ರಾಂಶ ಹಾಕಿ, ಅದರ ಮೂಲಕ ಓಡಿಸಿದ್ದಾರೆ."

"ಆಸ್ಪತ್ರೆಯೊಳಗೆ ವೈನಾ," ಎಂದು ಗೊಣಗಿದ ಮೇಷ್ಟ್ರು ಇನ್ಸ್‌ಪೆಕ್ಟರ್ ಮುಖ ನೋಡಿ ಸುಮ್ಮನಾದರು.

"ಪರದೆ ಮೇಲಿನ ಚಿತ್ರ ಅಳಿಸಿದ್ದಾರೆ, ಕಸದ ಬುಟ್ಟಿನೂ ಖಾಲಿ ಮಾಡಿದ್ದಾರೆ. ಆದರೆ ವೈನ್ ತನ್ನ ಸಾಮಾನೆಲ್ಲ ಚುಕ್ಕಿಯಿಂದ ಶುರುವಾಗೋ ಹೆಸರಿನ ಫೋಲ್ಡರಿನಲ್ಲಿ ಇಡುತ್ತೆ. ಅಂಥದು ಸುಮ್ಮನೆ ನೋಡಿದರೆ ಕಾಣಲ್ಲ. ವ್ಯವಹಾರದ ದಿನಚರಿ ಪೂರ್ತಿ ಅಲ್ಲೇ ಉಳಿದಿದೆ. ಹೊರದೇಶದ ಮಾರುಕಟ್ಟೆ ಗಡಿಯಾರಕ್ಕೂ ಪರದೆ ಗಡಿಯಾರಕ್ಕೂ ತಾಳೆ ಆಗಲಿ ಅಂತ ಹನ್ನೊಂದು ದಿನದ ಹಿಂದೆ ಈ ಕಂಪ್ಯೂಟರಿನ ಸಮಯವನ್ನೇ ಬದಲಿಸಿದ್ದಾರೆ. ಮಂಗಳವಾರ ಸಂಜೆ, ಆ ಹೆಂಗಸು ತೀರಿಕೊಂಡ ಮೇಲೆ, ವಾಪಸ್ ಇಟ್ಟಿದ್ದಾರೆ. ಅಷ್ಟು ಹೊತ್ತಿಗೆ ಬರೆದಾಗಿದ್ದ ಸಾಲುಗಳು ಆ ತಪ್ಪು ಸಮಯದಲ್ಲೇ ನಿಂತವು."

"ಎಚ್ಚರಿಕೆಯ ತಂತ್ರಾಂಶ ನಿಲ್ಲಿಸಿದ್ದು?"

"ಹಳೆಯ ಯಂತ್ರ ಸಾರ್, ಎರಡನ್ನೂ ಹೊರೋ ಶಕ್ತಿ ಇಲ್ಲ. ಗಂಟೆ ಹೊಡೆದ ಕೂಡಲೇ ವ್ಯವಹಾರದ ಪರದೆ ಅಲ್ಲಾಡದೆ ನಿಂತಿದೆ. ಎಚ್ಚರಿಕೆಯದನ್ನ ನಿಲ್ಲಿಸಿದ ಒಂದೇ ನಿಮಿಷಕ್ಕೆ ಒಂದು ವ್ಯವಹಾರ ಮುಗಿದಿದೆ." ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಖಾತೆ ಯಾವ ಬಗೆಯದು ಅಂತ ಇಲ್ಲಿದೆ. ನೀವೇ ಓದಿ."

ಇನ್ಸ್‌ಪೆಕ್ಟರ್ ಎರಡು ಸಲ ಓದಿದರು.

ಶನಿವಾರ ಹತ್ತೂ ಹತ್ತಕ್ಕೆ ತಂತ್ರಜ್ಞ ಠಾಣೆಯಲ್ಲಿ ಕುಳಿತಿದ್ದ. ಇಪ್ಪತ್ತೆರಡು ವರ್ಷ ಒಂದೇ ಕುರ್ಚಿ, ಒಂದು ಕಪ್ಪುಚುಕ್ಕೆ ಇಲ್ಲದ ಸೇವೆ. ಕೋಟಿನ ಇಸ್ತ್ರಿಯ ಗೆರೆ ಇನ್ನೂ ನೆಟ್ಟಗಿತ್ತು.

"ಎಂಟಕ್ಕೆ ನಾಲ್ಕು ಡಿಗ್ರಿ ಅಂತ ಬರೆದಿದ್ದೀರಿ. ನೋಡಿ ಬರೆದಿರಾ?"

"ದಿನಾ ನಾಲ್ಕೇ ಇರುತ್ತೆ ಸಾರ್."

"ಅವತ್ತು?"

ಇನ್ಸ್‌ಪೆಕ್ಟರ್ ಮೂರು ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಮೂರನೆಯದಾದ ಸೈಬರ್ ವಿಭಾಗದ ಹಾಳೆಯನ್ನು ಕಂಡದ್ದೇ ಅವನ ತಲೆ ತಗ್ಗಿತು.

"ಕರೆಂಟ್ ಬಂದಿತ್ತಲ್ಲ, ಫ್ರಿಜ್ ತಾನೇ ತಣ್ಣಗಾಗುತ್ತೆ ಅಂದ್ಕೊಂಡೆ. ಅದು ಮತ್ತೆ ಶುರುವಾಗಿರಲೇ ಇಲ್ಲ. ವ್ಯವಹಾರ ಮುಗಿಸಿ ಮತ್ತೆ ಗಂಟೆ ಹಾಕೋಣ ಅಂತಿದ್ದೆ. ಮರೆತೆ."

"ಇದನ್ನ ಮನೆಯಲ್ಲಿ ಮಾಡಬಹುದಿತ್ತು."

"ಮನೆಯಲ್ಲಿ ನೆಟ್ಟು ನಿಲ್ಲಲ್ಲ ಸಾರ್. ಅಲ್ಲಿರೋದು ಮಲಗದ ಯಂತ್ರ."

"ಆಯಾಳನ್ನ ಅಮಾನತು ಮಾಡಿದಾಗ ಎಲ್ಲಿದ್ದಿರಿ?"

"ಅಲ್ಲೇ ಇದ್ದೆ." ಆಮೇಲೆ ತಾನಾಗಿಯೇ ಹೇಳಿದ: "ಇಪ್ಪತ್ತೆರಡು ವರ್ಷ ಚೀಲಕ್ಕೆ ಚೀಟಿ ಅಂಟಿಸಿದೆ. ನನ್ನ ನಿರ್ಧಾರ ಯಾರಿಗೂ ಬೇಕಾಗಿರಲಿಲ್ಲ. ಆ ಪರದೆ ಮುಂದೆ ಕೂತರೆ, ನಾನು ಹೂಂ ಅನ್ನೋಕೆ ಲೋಕ ಕಾಯ್ತಿದೆ ಅನ್ನಿಸ್ತಿತ್ತು."

ಹತ್ತೂ ಐವತ್ತಕ್ಕೆ ಬಂಧನದ ಪತ್ರಕ್ಕೆ ಅವನ ಸಹಿಯಾಯಿತು. ಅಕ್ಷರ ಎಂದಿನಂತೆ ಮುದ್ದಾಗಿತ್ತು. ಆಯಾಳ ಮೇಲಿನ ಸಂಶಯ ನಿವಾರಣೆಯಾಗಿದೆ ಎಂಬ ಪತ್ರವನ್ನು ಮೇಷ್ಟ್ರು ಒಂದು ಕೊಂಬೂ ತಪ್ಪದಂತೆ ಬರೆದು, ತಾವೇ ನಡೆದುಹೋಗಿ ಅಧೀಕ್ಷಕರ ಕೈಗೆ ಕೊಟ್ಟು ಬಂದರು.

ಸಂಜೆ ದರ್ಜಿ ಬಂದ. ನಡೆದದ್ದನ್ನೆಲ್ಲ ನಿಂತೇ ಕೇಳಿಸಿಕೊಂಡ.

"ಹಣಕ್ಕೆ ಅನ್ನಿ ಸಾರ್. ಎಷ್ಟು ಬಂತಂತೆ ಅವನಿಗೆ?"

ಇನ್ಸ್‌ಪೆಕ್ಟರ್ ಅವನತ್ತ ಒಂದು ಕುರ್ಚಿ ಸರಿಸಿದರು. ಸುಳ್ಳು ಹೇಳಿದ್ದರೆ ಈ ಮನುಷ್ಯನಿಗೆ ಒಂದಿಷ್ಟು ಸಮಾಧಾನವಾಗುತ್ತಿತ್ತೇನೋ. ಆದರೆ ಯಾತಕ್ಕೆ ಎಂದು ಕೇಳಿ ಮೊದಲ ದಿನವೇ ಮೆಟ್ಟಿಲು ಹತ್ತಿದವನು ಅವನು.

"ಏನೂ ಬರಲಿಲ್ಲಪ್ಪ. ಅದು ಅಭ್ಯಾಸದ ಖಾತೆ. ಕಲಿಯೋರಿಗೆ ಅಂತ ಕೊಡ್ತಾರಲ್ಲ, ಆಟದ ಹಣ. ತನ್ನ ಸ್ವಂತ ದುಡ್ಡು ಹಾಕೋಕೆ ಅವನಿಗೆ ಧೈರ್ಯ ಇರಲಿಲ್ಲ. ಕಳೆದುಹೋದರೆ ಅಂತ ಹೆದರಿಕೆ."

ದರ್ಜಿ ಕೊರಳಿನ ಟೇಪನ್ನು ನಿಧಾನವಾಗಿ ತೆಗೆದು, ಸುತ್ತಿ, ಮುಷ್ಟಿಯಲ್ಲಿ ಹಿಡಿದ. ಮಗುವಿಗೆ ಹಾಲಿನ ಹೊತ್ತಾಯಿತು ಎಂದು ಹೇಳಿ ಮೆಟ್ಟಿಲಿಳಿದ.